ಪಾಠದ ಟಿಪ್ಪಣಿಯೂ ಸಂಕೇತಾಕ್ಷರಗಳೂ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಕಾಲೇಜನ್ನು ಸೇರಿ ವಿಜ್ಞಾನವನ್ನೋ ವಾಣಿಜ್ಯವನ್ನೋ ಆರಿಸಿಕೊಂಡೊಡನೆ, ವಿಷಯದ ಕಾಠಿನ್ಯಕ್ಕಿಂತ ಮೊದಲು ಬರವಣಿಗೆಯ ವೇಗವೇ ಅವರನ್ನು ಸೋಲಿಸುತ್ತದೆ. ಒಂದು ವಾಕ್ಯವನ್ನು ಅಕ್ಷರಶಃ ಬರೆದು ಮುಗಿಸುವಷ್ಟರಲ್ಲಿ ಮುಂದಿನ ಎರಡು ವಾಕ್ಯಗಳು ಸಂದುಹೋಗಿರುತ್ತವೆ. ಸಂಜೆಯ ಬಸ್ಸಿಗೆ ಓಡಬೇಕಾದವನಿಗೆ ಬಿಟ್ಟುದನ್ನು ಕೇಳಿ ತುಂಬಿಕೊಳ್ಳುವ ಅವಕಾಶವೂ ವಿರಳ. ಇಂಥವನಿಗೆ ಟಿಪ್ಪಣಿಯ ಪುಸ್ತಕವೇ ಮನೆಯ ಗುರು.

ಇದಕ್ಕೆ ಶೀಘ್ರಲಿಪಿಯೇ ಮದ್ದೆಂದು ಕೆಲವರು ಹೇಳುವುದುಂಟು. 1837ರಲ್ಲಿ ಐಸಾಕ್ ಪಿಟ್ಮನ್ ಇಂಗ್ಲೆಂಡಿನಲ್ಲಿ ಪ್ರಕಟಿಸಿದ ಪದ್ಧತಿಯು ಕಾಗುಣಿತವನ್ನು ಬಿಟ್ಟು ಧ್ವನಿಯನ್ನು ಹಿಡಿಯುತ್ತದೆ. ಒಂದೇ ರೇಖೆಯನ್ನು ತೆಳುವಾಗಿ ಎಳೆದರೆ ಪಕಾರ, ಒತ್ತಿ ಎಳೆದರೆ ಬಕಾರ. ಹಾಗೆಯೇ ಕಕಾರ ಗಕಾರಗಳು. ಅಘೋಷ ಘೋಷಗಳ ಭೇದವನ್ನು ಬಲ್ಲ ಕನ್ನಡಿಗನಿಗೆ ಇದು ಅಪರಿಚಿತವೆನಿಸದು. ಕನ್ನಡದ ವರ್ಗಾಕ್ಷರಗಳು ಕಂಠದಿಂದ ಹೊರಟು ತುಟಿಗೆ ಬಂದರೆ, ಪಿಟ್ಮನ್ನನ ಸ್ಪರ್ಶಾಕ್ಷರಗಳು ತುಟಿಯಿಂದ ಹೊರಟು ಕಂಠಕ್ಕೆ ಸಾಗುತ್ತವೆ! ಕನ್ನಡ ಶೀಘ್ರಲಿಪಿಗೂ ರಾಜ್ಯದ ವಾಣಿಜ್ಯ ಪರೀಕ್ಷೆಗಳಲ್ಲಿ ಸ್ಥಾನವುಂಟು. ಆದರೆ ಅದನ್ನು ಕೈವಶ ಮಾಡಿಕೊಳ್ಳಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಮೇಲಾಗಿ, ನುಡಿದುದೆಲ್ಲವನ್ನೂ ಹಿಡಿಯುವುದು ಕಚೇರಿಯ ಲಿಪಿಕಾರನ ಧರ್ಮ; ವಿದ್ಯಾರ್ಥಿಯಾದರೋ ಕೇಳಿ, ಆಯ್ದು ಬರೆಯಬೇಕಾದವನು.

ಸಂಕ್ಷೇಪವು ಈ ನಾಡಿಗೆ ಹೊಸತೇನೂ ಅಲ್ಲ. ಪಾಣಿನಿಯು 'ಅಚ್' ಎಂಬ ಎರಡು ವರ್ಣಗಳಲ್ಲಿ ಸ್ವರಗಳೆಲ್ಲವನ್ನೂ ಅಡಗಿಸಿದನು. ಕೀರ್ತನೆಯ ಪುಸ್ತಕಗಳಲ್ಲಿ ಪಲ್ಲವಿ 'ಪ' ಆಗಿದೆ, ಅನುಪಲ್ಲವಿ 'ಅ.ಪ' ಆಗಿದೆ. ಈ ಸೀಮೆಯ ತಾಳಮದ್ದಳೆಯನ್ನೇ ನೋಡಬಹುದು: ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯಗಳು ಮಾತ್ರ, ಭಾಗವತನು ಹಾಡಿದ ಒಂದು ಭಾಮಿನಿಯನ್ನು ಹಿಡಿದು ಅರ್ಥಧಾರಿಯು ಬಹುಹೊತ್ತು ಮಾತನಾಡಬಲ್ಲನು. ಕಥೆಯು ಅವನ ಒಳಗಿರುವುದರಿಂದ ಅಷ್ಟು ಸೂಚನೆ ಸಾಕು. ಟಿಪ್ಪಣಿಯ ಮರ್ಮವೂ ಇದೇ.

ಆದರೆ ಇಂಗ್ಲಿಷಿನ ಉಪಾಯವನ್ನು ಕನ್ನಡಕ್ಕೆ ಹಾಗೆಯೇ ತರಲಾಗದು. ಅಲ್ಲಿ ಸ್ವರಗಳನ್ನು ಕಿತ್ತರೂ ಪದದ ಎಲುಬು ನಿಲ್ಲುತ್ತದೆ. ಕನ್ನಡದಲ್ಲಿ ಸ್ವರವು ವ್ಯಂಜನದೊಡನೆ ಬೆಸೆದುಕೊಂಡಿದೆ. ಆದುದರಿಂದ 'ಕ್ರಿ.ಶ.', 'ಕಿ.ಮೀ.' ಎಂಬಂತೆ ಮೊದಲಕ್ಷರವನ್ನಿಟ್ಟು ಚುಕ್ಕಿ ಹಾಕುವುದೇ ಸಹಜ ಮಾರ್ಗ. ಇಲ್ಲೊಂದು ಎಚ್ಚರ ಅವಶ್ಯ. ಕನ್ನಡದಲ್ಲಿ ಯಾರು ಯಾರಿಗೆ ಏನು ಮಾಡಿದರೆಂಬುದು ಪದದ ಬಾಲದಲ್ಲಿ, ಅಂದರೆ ವಿಭಕ್ತಿಪ್ರತ್ಯಯದಲ್ಲಿ ಅಡಗಿದೆ. ಬಾಲವನ್ನು ಕತ್ತರಿಸಿದರೆ ಕರ್ತೃವೂ ಕರ್ಮವೂ ಒಂದಾಗಿಬಿಡುತ್ತವೆ. 'ದ್ಯುತಿಸಂಶ್ಲೇಷಣೆಯಿಂದ' ಎಂಬುದನ್ನು 'ದ್ಯು.ಸಂ.ಯಿಂದ' ಎಂದೇ ಬರೆಯಬೇಕು. ನಡುವನ್ನು ನುಂಗಬಹುದು, ತುದಿಯನ್ನಲ್ಲ. ಇಂಗ್ಲಿಷ್ ಪಾಠವನ್ನು ಕೇಳುತ್ತ ಕನ್ನಡದ ಸಂಕೇತಗಳಲ್ಲಿ ಬರೆದುಕೊಂಡರೂ ಹಾನಿಯಿಲ್ಲ. ಪಾರಿಭಾಷಿಕ ಶಬ್ದವೊಂದನ್ನು ಮಾತ್ರ ಇಂಗ್ಲಿಷಿನಲ್ಲಿ ಪೂರ್ತಿಯಾಗಿ ಬರೆದರಾಯಿತು.

ಇನ್ನು 'ಪ್ರ.' ಎಂದು ಬರೆದಿಟ್ಟುದು ವ್ಯಾಕರಣದ ತರಗತಿಯಲ್ಲಿ ಪ್ರಕೃತಿಯೋ ಪ್ರತ್ಯಯವೋ ಪ್ರಯೋಗವೋ ಎಂಬುದು ವಾರ ಕಳೆದ ಮೇಲೆ ಬರೆದವನಿಗೇ ಒಗಟು. ಅಂದಿನ ಟಿಪ್ಪಣಿಯನ್ನು ಅಂದೇ ರಾತ್ರಿ ಬಿಡಿಸಿ ಬರೆಯಬೇಕು. ಸಂಕೇತಗಳು ಇಪ್ಪತ್ತು ಮೂವತ್ತನ್ನು ಮೀರದಿರುವುದು ಲೇಸು. ಪ್ರೌಢಶಾಲೆಯ ಕನ್ನಡ ಅಧ್ಯಾಪಕರು ಒಂಬತ್ತನೆಯ ತರಗತಿಯಲ್ಲಿಯೇ ವಾರಕ್ಕೊಂದು ಅವಧಿ, ಒಂದು ಪುಟವನ್ನು ಸಹಜವೇಗದಲ್ಲಿ ಓದಿ, ಮಕ್ಕಳಿಂದ ಟಿಪ್ಪಣಿ ಬರೆಯಿಸಿ, ಮರುದಿನ ಅದನ್ನೇ ಬಿಡಿಸಿ ಓದಿಸಬಹುದು. ಹಾಗೆ ಓದಿಸುವಾಗ 'ಅಲ್ಲ', 'ಇಲ್ಲ', 'ಕೂಡದು' ಎಂಬ ನಿಷೇಧಪದಗಳನ್ನು ಯಾರು ಸಂಕ್ಷೇಪಿಸಿದ್ದಾರೆ ಎಂಬುದನ್ನು ಮೊದಲು ಪರೀಕ್ಷಿಸತಕ್ಕದ್ದು.