ಹಳೆಯ ರೇಡಿಯೋ ಮತ್ತೆ ಹಾಡಬೇಕಾದರೆ

೧೯೫೫ರಲ್ಲಿ ಬೆಂಗಳೂರಿನಲ್ಲಿ ಆಕಾಶವಾಣಿ ನಿಲಯ ಆರಂಭವಾಯಿತು. ಆ ಕಾಲದಲ್ಲಿ ನಮ್ಮ ಮನೆಗಳನ್ನು ಪ್ರವೇಶಿಸಿದ ವಾಲ್ವ್ ರೇಡಿಯೋಗಳಲ್ಲಿ ಕೆಲವು ಇಂದಿಗೂ ಅಟ್ಟದ ಮೇಲೆ ಧೂಳು ಹಿಡಿದು ಕುಳಿತಿವೆ. ತಾತನ ಕಾಲದ ಆ ಮರದ ಪೆಟ್ಟಿಗೆಯನ್ನು ಕೆಳಗಿಳಿಸಿದೊಡನೆ ಮನೆಮಂದಿಗೆಲ್ಲ ಒಂದೇ ಕುತೂಹಲ: ಇದು ಇನ್ನೂ ಹಾಡೀತೆ? ಒಮ್ಮೆ ಪ್ಲಗ್ಗು ಹಾಕಿ ನೋಡಿಬಿಡೋಣವೆ? ಆದರೆ ಎಷ್ಟೋ ಒಳ್ಳೆಯ ರೇಡಿಯೋಗಳಿಗೆ ಈ ಕುತೂಹಲವೇ ಮೃತ್ಯುವಾಗಿ ಪರಿಣಮಿಸಿದೆ.

ಗಾಜಿನ ವಾಲ್ವುಗಳು ನೋಡಲು ಸುಕುಮಾರವಾದರೂ ಸುಮ್ಮನೆ ಇಟ್ಟರೆ ಬಹುಕಾಲ ಬಾಳುತ್ತವೆ. ಮುಪ್ಪು ಮೊದಲು ಅಡರುವುದು ಕಂಡೆನ್ಸರಿಗೆ. ಇಂದು ಅದನ್ನೇ ಕೆಪ್ಯಾಸಿಟರ್ ಎನ್ನುತ್ತಾರೆ; ಪಠ್ಯಪುಸ್ತಕದಲ್ಲಿ ಧಾರಕ. ಎರಡು ಲೋಹದ ಹಾಳೆಗಳು, ನಡುವೆ ವಿದ್ಯುತ್ತು ಹರಿಯದ ಒಂದು ಪದರ: ಅದರ ರಚನೆ ಇಷ್ಟೇ. ಏಕಮುಖ ವಿದ್ಯುತ್ತನ್ನು ತಡೆದು, ಧ್ವನಿಯನ್ನು ಹೊತ್ತ ಪರ್ಯಾಯ ವಿದ್ಯುತ್ತನ್ನು ಮಾತ್ರ ಮುಂದಕ್ಕೆ ಬಿಡುವುದು ಅದರ ಕಾಯಕ.

ಹಾಗಾದರೆ ಹಳೆಯವನ್ನೆಲ್ಲ ಕಿತ್ತೆಸೆಯಬೇಕೆ? ಬೇಡ. ವಯಸ್ಸಿಗಿಂತ ಜಾತಿಯನ್ನೂ ಸ್ಥಾನವನ್ನೂ ನೋಡಿ ತೀರ್ಮಾನಿಸಬೇಕು.

ಮೊದಲನೆಯದು, ಮೇಣ ಸವರಿದ ಕಾಗದದ ಕಂಡೆನ್ಸರು. ಕಾಗದ ವರ್ಷಗಳು ಕಳೆದಂತೆ ತೇವವನ್ನು ಹೀರಿ, ವಿದ್ಯುತ್ತನ್ನು ಸೋರಗೊಡುತ್ತದೆ. ಸ್ಪೀಕರನ್ನು ನಡೆಸುವ ಕೊನೆಯ ವಾಲ್ವಿನ ಮುಂದೆ ಇಂಥದೊಂದು ಕಾವಲಿರುತ್ತದೆ. ಅದು ಸೋರಿದರೆ ವಾಲ್ವು ಮಿತಿಮೀರಿ ವಿದ್ಯುತ್ತನ್ನು ಎಳೆದು ಕಾಯುತ್ತದೆ. ಜೊತೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಕೆಲವು ರೂಪಾಯಿಗಳ ಬಿಡಿಭಾಗವನ್ನು ಉಳಿಸಹೋಗಿ, ಅಂಗಡಿಯಲ್ಲಿ ಸುಲಭವಾಗಿ ಸಿಗದ ವಸ್ತುವನ್ನು ಕಳೆದುಕೊಂಡಂತಾಯಿತು.

ಎರಡನೆಯದು, ಎಲೆಕ್ಟ್ರೊಲೈಟಿಕ್. ಇಲ್ಲಿ ತಡೆಯ ಪದರವೆಂದರೆ ಅಲ್ಯೂಮಿನಿಯಂ ಹಾಳೆಯ ಮೇಲಿನ ಅತಿ ತೆಳುವಾದ ಆಕ್ಸೈಡ್ ಪೊರೆ. ಬಹುಕಾಲ ಬಳಸದಿದ್ದರೆ ಪೊರೆ ಸವೆಯುತ್ತದೆ. ಒಳಗಿನ ದ್ರವವೂ ಆರುತ್ತದೆ. ಆಗ ರೇಡಿಯೋ ಗುಂಯ್ ಎಂದು ಗೊಣಗುತ್ತದೆ. ಪೂರ್ಣ ಕೆಟ್ಟರೆ ಮುಖ್ಯ ಟ್ರಾನ್ಸ್‌ಫಾರ್ಮರಿಗೂ ಅಪಾಯ.

ಈ ಎರಡು ಜಾತಿಗಳನ್ನು ಬದಲಿಸದೆ ಸ್ವಿಚ್ಚು ಒತ್ತಬಾರದು. ಅಭ್ರಕದ ಮತ್ತು ಸಿರಾಮಿಕ್ ಕಂಡೆನ್ಸರುಗಳಾದರೋ ಸಾಮಾನ್ಯವಾಗಿ ಗಟ್ಟಿಗರು. ಪರೀಕ್ಷೆಯಲ್ಲಿ ದೋಷ ಕಂಡರೆ ಮಾತ್ರ ಅವನ್ನು ಮುಟ್ಟಬೇಕು. ನಿಲಯಗಳನ್ನು ಹಿಡಿಯುವ ಭಾಗದಲ್ಲಿ ವೃಥಾ ಕೈಯಾಡಿಸಿದರೆ ಶ್ರುತಿಯೇ ತಪ್ಪೀತು.

“ಚೆನ್ನಾಗಿಯೇ ಹಾಡುತ್ತಿದೆಯಲ್ಲ, ಬದಲಿಸುವುದೇಕೆ?” ಎಂದು ಕೇಳುವವರುಂಟು. ಹಾಡು ಆರೋಗ್ಯದ ಪ್ರಮಾಣಪತ್ರವಲ್ಲ. ಸೋರಿಕೆ ಆರಂಭವಾದ ಮೇಲೂ ಕೆಲಕಾಲ ಸಂಗೀತ ಕೇಳಿಸುತ್ತಲೇ ಇರುತ್ತದೆ. ಒಳಗೆ ಮಾತ್ರ ಬೇಗೆ ಏರುತ್ತಿರುತ್ತದೆ. ಹೊಸ ಭಾಗದಿಂದ ಹಳೆಯ ನಾದಮಾಧುರ್ಯ ಹಾಳಾದೀತೆಂಬ ಶಂಕೆಯೂ ಬೇಡ. ತಯಾರಾದ ದಿನ ಆ ರೇಡಿಯೋ ನುಡಿದದ್ದು ಸೋರದ ಕಂಡೆನ್ಸರುಗಳಿಂದಲೇ ಅಲ್ಲವೆ?

ಕಾಗದದ ಸ್ಥಾನಕ್ಕೆ ಇಂದಿನ ಪಾಲಿಯೆಸ್ಟರ್ ಫಿಲ್ಮ್ ಕಂಡೆನ್ಸರು ಒಪ್ಪುತ್ತದೆ. ಮೈಕ್ರೊಫ್ಯಾರಡ್ ಬೆಲೆ ಮೊದಲಿನಷ್ಟೇ ಇರಲಿ. ತಡೆಯುವ ವೋಲ್ಟು ಹೆಚ್ಚಾದರೆ ತೊಂದರೆಯಿಲ್ಲ. ಎಲೆಕ್ಟ್ರೊಲೈಟಿಕ್ಕಿನಲ್ಲಿ ಧನ-ಋಣ ತುದಿಗಳು ಅದಲುಬದಲಾಗಬಾರದು. ‘ದೊಡ್ಡದಾದಷ್ಟೂ ಒಳ್ಳೆಯದು’ ಎಂದು ರೆಕ್ಟಿಫೈಯರ್ ವಾಲ್ವಿನ ಪಕ್ಕದಲ್ಲಿ ಬಹುಪಟ್ಟು ಹೆಚ್ಚು ಬೆಲೆಯದನ್ನು ಇಟ್ಟರೆ, ಆ ವಾಲ್ವಿನ ಆಯುಸ್ಸೇ ಮುಗಿಯುತ್ತದೆ.

ಇದು ಮಕ್ಕಳಾಟಿಕೆಯಲ್ಲ. ಪ್ಲಗ್ಗು ಕಿತ್ತ ಮೇಲೂ ಕಂಡೆನ್ಸರಿನಲ್ಲಿ ೨೫೦ ವೋಲ್ಟಿಗೆ ಮೀರಿದ ವಿದ್ಯುತ್ತು ಅವಿತಿರಬಹುದು. ಟ್ರಾನ್ಸ್‌ಫಾರ್ಮರಿಲ್ಲದ ಎಸಿ-ಡಿಸಿ ಸೆಟ್ಟುಗಳಲ್ಲಿ ಒಳಗಿನ ಲೋಹದ ಚೌಕಟ್ಟೇ ಪ್ರಾಣಾಂತಿಕವಾದೀತು. ಆದುದರಿಂದ ವಾಲ್ವ್ ರೇಡಿಯೋ ಬಲ್ಲ ರಿಪೇರಿಗಾರರಿಗೇ ಈ ಕೆಲಸವನ್ನು ಒಪ್ಪಿಸುವುದು ಲೇಸು.

ಹಳೆಯ ರೂಪವೂ ಉಳಿಯಬೇಕೆಂಬ ಆಸೆ ಸಹಜವೇ. ಮೇಲೆ ಕಾಣುವ ಅಲ್ಯೂಮಿನಿಯಂ ಡಬ್ಬಿಯ ತಂತಿಗಳನ್ನು ಬೇರ್ಪಡಿಸಿ, ಅದನ್ನು ಅಲ್ಲಿಯೇ ಬಿಟ್ಟು, ಹೊಸ ಕಂಡೆನ್ಸರನ್ನು ಚೌಕಟ್ಟಿನ ಕೆಳಗೆ ಜೋಡಿಸುವಂತೆ ರಿಪೇರಿಗಾರರಿಗೆ ಹೇಳಬಹುದು. ಕಣ್ಣಿಗೆ ತಾತನ ರೇಡಿಯೋ ತಾತನದಾಗಿಯೇ ಇರುತ್ತದೆ; ಮೊಮ್ಮಕ್ಕಳು ಅದನ್ನು ನಿರ್ಭಯವಾಗಿ ಹಾಡಿಸಬಹುದು.