ವರ್ಡಲ್ ಗೆಲ್ಲೋಕೆ ದೊಡ್ಡ ಇಂಗ್ಲಿಷ್ ಬೇಡ, ಸಣ್ಣ ಲೆಕ್ಕ ಸಾಕು

ಇವತ್ತಿನ ವಿಷಯ ವರ್ಡಲ್. ಅದೇ, ದಿನಕ್ಕೊಂದು ಐದಕ್ಷರದ ಇಂಗ್ಲಿಷ್ ಪದ, ಆರು ಚಾನ್ಸ್.

ಹೋದ ತಿಂಗಳು ನನ್ನ 143 ದಿನದ ಸ್ಟ್ರೀಕ್ ಮುರೀತು. ಸ್ಟ್ರೀಕ್ ಹೋದ್ರೆ ಎಂತ ಮಹಾ, ಅಂತೀರಿ. ನನ್ನ ಅಕ್ಕ ಮಸ್ಕತ್‌ನಲ್ಲಿದ್ದಾಳೆ. ದಿನಾ ಫೋನ್ ಮಾಡೋಕೆ ಇಬ್ರಿಗೂ ಪುರುಸೊತ್ತಿಲ್ಲ. ಆದ್ರೆ ದಿನಾ ಇಬ್ರೂ ವರ್ಡಲ್‌ನ ಬಣ್ಣದ ಚೌಕಗಳನ್ನ ವಾಟ್ಸಾಪ್‌ನಲ್ಲಿ ಕಳಿಸ್ತೇವೆ. "ಹುಷಾರಿದ್ದೇನೆ" ಅಂತ ಹೇಳೋ ನಮ್ಮ ರೀತಿ ಅದು. ಸೋತ ದಿನ ನಾನು ಕಳಿಸ್ಲಿಲ್ಲ. ಕನ್ನಡ ಮೀಡಿಯಂನಲ್ಲಿ ಓದಿದವ ನಾನು, ನನ್ನ ಇಂಗ್ಲಿಷ್ ಇಷ್ಟೇ ಅಂತ ಬೇಜಾರಾಗಿ ಸುಮ್ನೆ ಕೂತೆ. ರಾತ್ರಿ ಅಕ್ಕನ ಫೋನ್: "ಎಂತ ಆಯ್ತಾ ನಿಂಗೆ? ಹುಷಾರಿಲ್ಯಾ?"

ಆಮೇಲೆ ಕೂತು ನಾನು ಎಲ್ಲಿ ತಪ್ಪಿದೆ ಅಂತ ನೋಡ್ದೆ. ಅದನ್ನೇ ಈಗ ಹೇಳ್ತೇನೆ.

ಮೊದಲು ನಿಯಮ

ಅಕ್ಷರ ಸರಿಯಾದ ಜಾಗದಲ್ಲಿದ್ರೆ ಹಸಿರು. ಪದದಲ್ಲಿದೆ, ಜಾಗ ಬೇರೆ ಅಂದ್ರೆ ಹಳದಿ. ಇಲ್ಲವೇ ಇಲ್ಲ ಅಂದ್ರೆ ಬೂದು. ಜೋಶ್ ವಾರ್ಡಲ್ ಅನ್ನೋ ಸಾಫ್ಟ್‌ವೇರ್ ಎಂಜಿನಿಯರ್ ಇದನ್ನ ಮಾಡಿದ್ದು ಸಂಗಾತಿ ಪಲಕ್ ಶಾಗೋಸ್ಕರ. 2021ರ ಅಕ್ಟೋಬರ್‌ನಲ್ಲಿ ಎಲ್ರಿಗೂ ಆಡೋಕೆ ಬಿಟ್ರು, 2022ರ ಜನವರಿ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಖರೀದಿ ಮಾಡ್ತು. ಇಂಗ್ಲಿಷ್‌ನ ಸುಮಾರು 12,000 ಐದಕ್ಷರದ ಪದಗಳಿಂದ ತನಗೆ ಗೊತ್ತಿದ್ದ ಸುಮಾರು 2,500 ಪದಗಳನ್ನ ಆರಿಸಿದ್ದು ಪಲಕ್. ಅಂದ್ರೆ ಉತ್ತರ ಹೆಚ್ಚಾಗಿ ನಮ್ಗೂ ಗೊತ್ತಿರೋ ಪದವೇ.

ನಾನು ಸೋತದ್ದು ಹೇಗೆ

ನನ್ನ ಮೊದಲ ಪದ ಯಾವಾಗ್ಲೂ ಅಡ್ಯೂ: ಎ-ಡಿ-ಐ-ಇ-ಯು. ನಾಲ್ಕು ಸ್ವರ ಒಂದೇ ಸಲ ಗೊತ್ತಾಗ್ತದಲ್ಲ ಅಂತ. ಆ ದಿನ ಐ ಮಾತ್ರ ಹಳದಿ. ಎರಡನೇದು ಟೈಟ್: ಟಿ-ಐ-ಜಿ-ಎಚ್-ಟಿ. ಮೊದಲ ಟಿ ಬೂದು, ಉಳಿದ ನಾಲ್ಕೂ ಹಸಿರು! ಗೆದ್ದೆ ಅಂದ್ಕೊಂಡೆ.

ಆದ್ರೆ ಇಲ್ ಕಾಣಿ, ಇನ್ನೂ ಆರು ಪದ ಬಾಕಿ: ಫೈಟ್, ಲೈಟ್, ಮೈಟ್, ನೈಟ್, ರೈಟ್, ಸೈಟ್. ಉಳಿದ ಚಾನ್ಸ್ ನಾಲ್ಕೇ. ನಾನು ಲೈಟ್, ರೈಟ್, ಮೈಟ್, ಸೈಟ್ ಅಂತ ಒಂದೊಂದೇ ಹಾಕ್ತಾ ಹೋದೆ. ಉತ್ತರ ನೈಟ್. ಆರೂ ಪದ ನಂಗೆ ಗೊತ್ತಿತ್ತು ಮಾರಾಯ್ರೆ! ತಪ್ಪಿದ್ದು ಇಂಗ್ಲಿಷ್ ಅಲ್ಲ.

ಏನು ಮಾಡ್ಬೇಕಿತ್ತು

ಬಿಕಾಂ ಮಾಡಿದವರಿಗೆ ಇದು ಬೇಗ ಅರ್ಥ ಆಗ್ತದೆ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ ಮೊದಲ ವೋಚರ್‌ನಿಂದ ಒಂದೊಂದೇ ಹುಡುಕೋದಿಲ್ಲ. ವ್ಯತ್ಯಾಸ 9ರಿಂದ ಭಾಗ ಆಗ್ತದಾ ನೋಡ್ತೇವೆ. ಆದ್ರೆ, 54 ಬರೆಯೋ ಕಡೆ 45 ಬರೆದ ಹಾಗೆ ಅಂಕಿ ಹಿಂದೆ ಮುಂದೆ ಆಗಿರಬಹುದು. ಒಂದೇ ಪ್ರಶ್ನೆಯಲ್ಲಿ ಹುಡುಕೋ ಜಾಗ ಸಣ್ಣದಾಗ್ತದೆ. ವರ್ಡಲ್‌ನಲ್ಲೂ ಹಾಗೇ. ಪ್ರತಿ ಊಹೆಯೂ ಉತ್ತರ ಆಗ್ಬೇಕಂತಿಲ್ಲ, ಉಳಿದ ಪದಗಳನ್ನ ಬೇರೆ ಬೇರೆ ಮಾಡಿ ಕೊಡ್ಬೇಕು.

ಮೂರನೇ ಚಾನ್ಸ್‌ನಲ್ಲಿ ನಾನು ಫಿಲ್ಮ್ಸ್ ಹಾಕ್ಬೇಕಿತ್ತು: ಎಫ್-ಐ-ಎಲ್-ಎಂ-ಎಸ್. ಹೀಗೆ ಎಸ್ ಸೇರಿಸಿದ ಬಹುವಚನ ಸಾಮಾನ್ಯವಾಗಿ ಉತ್ತರ ಆಗಿರೋದಿಲ್ಲ, ಆದ್ರೆ ಊಹೆಯಾಗಿ ನಡೀತದೆ. ಎಫ್ ಹಸಿರಾದ್ರೆ ಫೈಟ್. ಎಲ್ ಹಳದಿಯಾದ್ರೆ ಲೈಟ್, ಎಂ ಆದ್ರೆ ಮೈಟ್, ಎಸ್ ಆದ್ರೆ ಸೈಟ್. ನಾಲ್ಕೂ ಬೂದಾದ್ರೆ ನೈಟ್ ಅಥವಾ ರೈಟ್. ಹೆಚ್ಚೆಂದ್ರೆ ಐದನೇ ಚಾನ್ಸ್‌ಗೆ ಮುಗೀತು!

ಹಾರ್ಡ್ ಮೋಡ್‌ನಲ್ಲಿ ಈ ಉಪಾಯ ನಡೆಯೋದಿಲ್ಲ, ಸಿಕ್ಕಿದ ಅಕ್ಷರ ಬಿಡೋ ಹಾಗಿಲ್ಲ. ಅಲ್ಲಿ ಇಂಥ ಗುಂಪಿಗೆ ಬೇಗ ನುಗ್ಗದೇ ಇರೋದೇ ದಾರಿ.

ನೆನಪಿಡೋಕೆ ಮೂರು

ಒಂದು, ಮೊದಲ ಪದದಲ್ಲಿ ಸ್ವರದ ಜೊತೆ ಜಾಸ್ತಿ ಬರೋ ವ್ಯಂಜನಗಳೂ ಇರ್ಲಿ. ಸ್ಲೇಟ್ ಅಥವಾ ಕ್ರೇನ್ ಒಳ್ಳೇದು. ಆ ದಿನ ಸ್ಲೇಟ್ ಹಾಕಿದ್ರೆ ಎಸ್, ಎಲ್ ಎರಡೂ ಅಲ್ಲೇ ಹೋಗಿ, ಸೈಟ್ ಮತ್ತು ಲೈಟ್ ಮೊದಲೇ ಕಳೀತಿತ್ತು.

ಎರಡು, ಒಂದೇ ಅಕ್ಷರ ಎರಡು ಸಲ ಹಾಕಿ ಒಂದು ಹಸಿರು, ಇನ್ನೊಂದು ಬೂದು ಬಂದ್ರೆ, ಆ ಅಕ್ಷರ ಪದದಲ್ಲಿ ಒಂದೇ ಸಲ ಇದೆ ಅಂತ ಲೆಕ್ಕ. ಟೈಟ್‌ನ ಟಿ ಹಾಗೆ.

ಮೂರು, ನಾಲ್ಕು ಹಸಿರು ಬಂದ ಕೂಡ್ಲೇ ಟೈಪ್ ಮಾಡ್ಬೇಡಿ. ಸಾಧ್ಯ ಇರೋ ಪದಗಳನ್ನ ಕಾಗದದಲ್ಲಿ ಬರ್ದು ಎಣಿಸಿ. ಉಳಿದ ಚಾನ್ಸ್‌ಗಿಂತ ಜಾಸ್ತಿ ಇದ್ರೆ ಫಿಲ್ಮ್ಸ್ ತರದ ಪದ ಹುಡುಕಿ.

ಕನ್ನಡದಲ್ಲಿ ಆಡೋದಾದ್ರೆ?

ಬ್ರಹ್ಮಾವರದ ಗೆಳೆಯ ಕೇಳ್ದ, ಇದೇ ಆಟ ಕನ್ನಡದಲ್ಲಿ ಯಾಕೆ ಕಷ್ಟ ಅಂತ. ಅವನ ಊರಿನ ಹೆಸರನ್ನೇ ತಗೊಳ್ಳಿ. ಬ್ರ-ಹ್ಮಾ-ವ-ರ, ನಮ್ಗೆ ನಾಲ್ಕು ಅಕ್ಷರ. ಒತ್ತಕ್ಷರ, ದೀರ್ಘ ಬಿಡಿಸಿ ಇಡೋ ಯೂನಿಕೋಡ್‌ನಲ್ಲಿ ಒಂಬತ್ತು. ಪೇಪರಿನ ಪದಬಂಧದ ಹಾಗೆ ಒಂದು ಮನೆಗೆ ಒಂದು ಪೂರ್ತಿ ಅಕ್ಷರ ಇಟ್ರೂ, ಉತ್ತರದಲ್ಲಿ "ಕು" ಇದ್ದು ನಾವು "ಕಾ" ಹಾಕಿದ್ರೆ ಹಳದಿಯೋ ಬೂದೋ? ಅದನ್ನ ಮೊದಲು ತೀರ್ಮಾನಿಸ್ಬೇಕು. ಕನ್ನಡದಲ್ಲಿ ಹಾಲು, ನೀರು, ಊರು ಅಂತ ಕೊನೆಗೆ ಉಕಾರ ತುಂಬಾ ಬರ್ತದೆ, ಅದೇ ಒಳ್ಳೆ ಸುಳಿವು. ನಾವು ಕುಂದಾಪ್ರದವರು ಅದನ್ನೂ ತಿಂದು ಹಾಲ್, ನೀರ್ ಅಂತೇವೆ, ಅದು ಬೇರೆ ಕಥೆ!

ಈಗ ನನ್ನ ಸ್ಟ್ರೀಕ್ 26. ಸೋತ್ರೂ ಚೌಕ ಕಳಿಸ್ಬೇಕು ಅಂತ ಅಕ್ಕನ ಆರ್ಡರ್. ನಿಮ್ಮ ಮೊದಲ ಪದ ಯಾವ್ದು ಅಂತ ವಾಯ್ಸ್ ನೋಟ್ ಕಳ್ಸಿ. ಇವತ್ತಿನ ಉತ್ತರ ಮಾತ್ರ ಹೇಳ್ಬೇಡಿ, ನಮ್ಮಕ್ಕ ಇನ್ನೂ ಆಡಿಲ್ಲ.