ಸಾಗರ ಸಂಶೋಧನಾ ನೌಕೆಯ ಅಡಿಗೆಮನೆ

ರಬಾಳೆಯಲ್ಲಿ ವಾಸಿಸುವ ನಮಗೆ ಕಡಲು ಬಹು ಸಮೀಪದಲ್ಲಿದ್ದೂ ಕಾಣದ ವಸ್ತು. ರೈಲು ನಿಲ್ದಾಣದ ಪಶ್ಚಿಮಕ್ಕೆ ಸ್ವಲ್ಪ ದೂರ ನಡೆದರೆ ಠಾಣೆಯ ಖಾರಿ. ಅದರ ಕೆಸರಿನಲ್ಲಿ ಚಳಿಗಾಲ ಬಂದಿತೆಂದರೆ ರಾಜಹಂಸಗಳ ಹಿಂಡು. ಆದರೆ ಬೆಳಗಿನ ಐದಕ್ಕೆ ಇಡ್ಲಿಯ ಅಟ್ಟ ಏರಿಸಿ ರಾತ್ರಿ ಹನ್ನೊಂದಕ್ಕೆ ಶಟರ್ ಎಳೆಯುವ ಹೋಟೆಲಿನವನಿಗೆ ಹಂಸವೆಲ್ಲಿ, ಅಲೆಯೆಲ್ಲಿ! ಎಂ.ಐ.ಡಿ.ಸಿ.ಯ ಕಾರಖಾನೆಗಳ ಭೋಂಗಾ, ಗಿರಾಕಿಯ ಕೂಗು, ಗಲ್ಲಾದ ಚಿಲ್ಲರೆಯ ಸದ್ದು, ಇವೇ ನಮ್ಮ ಸಮುದ್ರಘೋಷ.

ಹೀಗಿರುವಾಗ ಕಳೆದ ಚಳಿಗಾಲದ ಒಂದು ಮಧ್ಯಾಹ್ನ, ಊಟದ ಗರ್ದಿ ಇಳಿದ ಮೇಲೆ, ನನ್ನ ಹಳೆಯ ಹೋಟೆಲಿನ ಮೂಲೆಯ ಮೇಜಿನಲ್ಲಿ ಕುಂದಾಪುರದ ಕಡೆಯ ಸದ್ಗೃಹಸ್ಥರೊಬ್ಬರ ಪರಿಚಯವಾಯಿತು. ವಯಸ್ಸು ಐವತ್ತರ ಸಮೀಪ. ಚಿಕ್ಕಂದಿನಲ್ಲಿ ಮುಂಬಯಿಯ ಹೋಟೆಲೊಂದರಲ್ಲಿ ದೋಸೆಯ ಕಾವಲಿಯ ಮುಂದೆ ನಿಂತವರು. ಅನಂತರ ಹಡಗಿನ ಅಡಿಗೆಯವರಾಗಿ ಸಾಮಾನು ಸಾಗಿಸುವ ಹಡಗುಗಳಲ್ಲಿಯೂ, ಕೆಲವು ವರ್ಷ ಸಾಗರ ಸಂಶೋಧನೆಯ ನೌಕೆಯಲ್ಲಿಯೂ ದುಡಿದವರು. ಗಲ್ಲಾವನ್ನು ತಮ್ಮನಿಗೆ ಒಪ್ಪಿಸಿ ಲೇಖನಿ ಹಿಡಿದಿರುವ ನನಗೆ ಅಂತಹವರು ಸಿಕ್ಕಿದರೆ ಬಿಟ್ಟೇನೆಯೆ? ಎರಡು ತಾಸು ಕೂರಿಸಿಕೊಂಡೆ. ಚಹಾ ಮಾತ್ರ ನಾಲ್ಕು ಸಲ ಬಂದಿತು.

ಸಂಶೋಧನಾ ನೌಕೆ ಎಂಬುದು ಸರಕು ಹೊರುವುದಿಲ್ಲ, ಪ್ರಯಾಣಿಕರನ್ನು ಒಯ್ಯುವುದಿಲ್ಲ, ಫಿರಂಗಿಯೂ ಅದಕ್ಕಿಲ್ಲ. ಅದು ತೇಲುವ ಪ್ರಯೋಗಶಾಲೆ. 1960ರ ದಶಕದ ಆರಂಭದಲ್ಲಿ ಅನೇಕ ರಾಷ್ಟ್ರಗಳು ಕೂಡಿ ಹಿಂದೂ ಮಹಾಸಾಗರದ ಮಹಾ ಪರ್ಯಟನವನ್ನು ನಡೆಸಿದಾಗ, ನಮ್ಮ ದೇಶದ ಪರವಾಗಿ ಹೊರಟ ನೌಕೆಗಳಲ್ಲಿ ಒಂದು ನೌಕಾಪಡೆಯ 'ಕೃಷ್ಣಾ'. ನಮ್ಮ ವಿಜಾಪುರ, ಬಾಗಲಕೋಟೆಗಳ ನೆಲಕ್ಕೆ ನೀರುಣಿಸುವ ನದಿಯ ಹೆಸರೇ ಅದು. ಆ ಪರ್ಯಟನದ ಫಲವಾಗಿ 1966ರ ಜನವರಿ 1ರಂದು ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಹುಟ್ಟಿತು. ಗೋವೆಯ ದೋನಾ ಪಾವ್ಲಾದಲ್ಲಿ ಅದರ ಮುಖ್ಯ ಕಚೇರಿ. ನಮ್ಮ ಅಂಧೇರಿಯಲ್ಲಿಯೂ ಒಂದು ಶಾಖೆಯುಂಟು. 1976ರಲ್ಲಿ ಅದಕ್ಕೆ 'ಗವೇಷಣಿ' ಎಂಬ ನೌಕೆ ದೊರೆಯಿತು. 1981ರ ಜನವರಿ 26ರಂದು ಅರಬೀ ಸಮುದ್ರದ ತಳದಿಂದ ಲೋಹದ ಗಂಟುಗಳನ್ನು ಮೊದಲ ಬಾರಿಗೆ ಎತ್ತಿ ತಂದದ್ದು ಈ ಗವೇಷಣಿಯೇ. 1983ರಲ್ಲಿ ಜರ್ಮನಿಯಲ್ಲಿ ಕಟ್ಟಿಸಿದ 'ಸಾಗರ ಕನ್ಯಾ', ಆಮೇಲೆ 'ಸಾಗರ ಸಂಪದಾ', 2008ರಲ್ಲಿ 'ಸಾಗರ ನಿಧಿ', 2014ರಲ್ಲಿ 'ಸಿಂಧು ಸಾಧನಾ', ಹೀಗೆ ಬಳಗ ಬೆಳೆಯಿತು. ಸಾಗರ ಕನ್ಯಾ ನೂರು ಮೀಟರಿನಷ್ಟು ಉದ್ದ. ಒಮ್ಮೆ ಹೊರಟರೆ ನಲವತ್ತೈದು ದಿನ ಬಂದರಿನ ಮುಖ ನೋಡದೆ ಇರಬಲ್ಲುದು.

ನಲವತ್ತೈದು ದಿನ! ಈ ಮಾತನ್ನು ಕೇಳಿದೊಡನೆ ಹೋಟೆಲಿನವನ ತಲೆಯಲ್ಲಿ ಏಳುವ ಪ್ರಶ್ನೆ ಒಂದೇ: ತರಕಾರಿಯ ಗತಿ?

"ಮೊದಲ ವಾರ ಸೊಪ್ಪು, ಟೊಮೇಟೊ. ಎರಡನೆಯ ವಾರ ಬೀನ್ಸ್, ಗಜ್ಜರಿ. ಆಮೇಲೆ ಕೋಸು, ಬಟಾಟೆ, ನೀರುಳ್ಳಿ. ಕಡೆಯಲ್ಲಿ ಉಳಿಯುವುದು ಬೇಳೆ ಮತ್ತು ಹಿಮಗಟ್ಟಿಸಿದ ವಟಾಣಿ," ಎಂದು ಅವರು ನಕ್ಕರು. ಕೊತ್ತಂಬರಿ ಸೊಪ್ಪಿನ ಕಡೆಯ ಕಟ್ಟನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ಹದಿನೆಂಟು ದಿನ ಕಾಪಾಡಿದ್ದನ್ನು ಅವರು ಹೇಳುವಾಗ ಮುಖದಲ್ಲಿದ್ದ ಹೆಮ್ಮೆ, ಕ್ಷಮಿಸಿರಿ, ಯಾವ ವಿಜ್ಞಾನಿಯ ಹೆಮ್ಮೆಗೂ ಕಡಿಮೆಯದಾಗಿರಲಿಲ್ಲ.

ಹಡಗಿನ ಅಡಿಗೆಮನೆಯಲ್ಲಿ ನಮ್ಮ ಭಟ್ಟಿಯಂತೆ ಬೆಂಕಿ ಉರಿಯುವುದಿಲ್ಲ. ಬೆಂಕಿ ಎಂಬುದು ಹಡಗಿನ ಮೊದಲ ವೈರಿ; ಆದುದರಿಂದ ಎಲ್ಲವೂ ವಿದ್ಯುತ್ತಿನ ಒಲೆ. ಒಲೆಯ ಸುತ್ತ ಕಬ್ಬಿಣದ ಅಡ್ಡಪಟ್ಟಿ. ಇಲ್ಲವಾದರೆ ಮಳೆಗಾಲದ ಅಲೆಗೆ ಹಂಡೆಯೇ ನಡೆದು ಬಂದೀತು. ಸಾಂಬಾರು ಪಾತ್ರೆಯ ಅರ್ಧಕ್ಕೆ ಮೀರಬಾರದು. ಮೇಜಿನ ಮೇಲಿನ ಬಟ್ಟೆಯನ್ನು ಒದ್ದೆ ಮಾಡಿ ಹಾಸಿದರೆ ತಟ್ಟೆ ಜಾರುವುದಿಲ್ಲ. ದೋಸೆ ಹೊಯ್ಯುವುದಂತೂ ಆಷಾಢದಲ್ಲಿ ಸಾಹಸವೇ ಸರಿ: ಹಡಗು ಎಡಕ್ಕೆ ವಾಲಿದಾಗ ಹಿಟ್ಟು ಎಡಕ್ಕೆ, ಬಲಕ್ಕೆ ವಾಲಿದಾಗ ಬಲಕ್ಕೆ. ದುಂಡನೆಯ ದೋಸೆ ಆದ ದಿನ ಸಮುದ್ರ ಶಾಂತವಾಗಿದೆ ಎಂದು ತಿಳಿಯಬೇಕಂತೆ. ಸ್ನಾನದ ನೀರು ಸಮುದ್ರದ ನೀರಿನಿಂದಲೇ ಉಪ್ಪು ತೆಗೆದು ಮಾಡಿದ್ದು. ಅಕ್ಕಿ ತೊಳೆದ ನೀರನ್ನೂ ಲೆಕ್ಕವಿಟ್ಟು ಚೆಲ್ಲಬೇಕು.

ಕೆಲಸದ ಹೊತ್ತಿಗೂ ನಮ್ಮದಕ್ಕೂ ವ್ಯತ್ಯಾಸವುಂಟು. ಹಡಗು ನಡೆಸುವವರಿಗೆ ನಾಲ್ಕು ಗಂಟೆ ಪಹರೆ, ಎಂಟು ಗಂಟೆ ವಿರಾಮ, ಪುನಃ ನಾಲ್ಕು ಗಂಟೆ. ವಿಜ್ಞಾನಿಗಳಿಗೋ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಗೊತ್ತುಪಡಿಸಿದ ಠಾಣ್ಯಕ್ಕೆ ಹಡಗು ರಾತ್ರಿ ಎರಡಕ್ಕೆ ತಲುಪಿದರೆ ಎರಡಕ್ಕೇ ಏಳಬೇಕು. ಆದುದರಿಂದ ನಡುರಾತ್ರಿಯಲ್ಲಿಯೂ ಚಹಾ, ಉಪ್ಪಿಟ್ಟು ಸಿದ್ಧವಿರಬೇಕು. ಆದರೆ ಒಂದು ನ್ಯಾಯವಿದೆ, ನಮ್ಮಲ್ಲಿ ಅನೇಕ ಕಡೆ ಇಲ್ಲದ್ದು: ಅಂತರರಾಷ್ಟ್ರೀಯ ನಿಯಮದಂತೆ ನಾವಿಕನಿಗೆ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹತ್ತು ಗಂಟೆಗಳ ವಿಶ್ರಾಂತಿ ಸಿಗಲೇಬೇಕು, ಅದನ್ನು ಪುಸ್ತಕದಲ್ಲಿ ಬರೆದಿಡಲೂಬೇಕು. ಹದಿನಾರು ತಾಸು ಮಾಣಿಗಳನ್ನು ನಿಲ್ಲಿಸಿದ ಧಣಿಗಳಲ್ಲಿ ನಾನೂ ಒಬ್ಬನಾಗಿದ್ದೆ. ಆ ಮಾತು ಕೇಳಿ ನಾನು ಚಹಾದ ಲೋಟವನ್ನೇ ನೋಡುತ್ತ ಕುಳಿತೆ.

ಇನ್ನು ಗುಮಾಸ್ತ ಬಂಧುಗಳಿಗೆ ರುಚಿಸುವ ಸಂಗತಿ. ಠಾಣ್ಯ ತಲುಪಿದೊಡನೆ ಹಡಗು ನಿಂತು, ಉಕ್ಕಿನ ಹಗ್ಗದ ತುದಿಗೆ ಸಿ.ಟಿ.ಡಿ. ಎಂಬ ಯಂತ್ರವನ್ನು ಇಳಿಬಿಡುತ್ತಾರೆ. ನೀರಿನ ಉಪ್ಪು, ಉಷ್ಣ, ಆಳಗಳನ್ನು ಅದು ಇಳಿಯುತ್ತಲೇ ಹೇಳುತ್ತದೆ. ಸುತ್ತ ದೊಡ್ಡ ದೊಡ್ಡ ಸೀಸೆಗಳು. ಬೇಕಾದ ಆಳದಲ್ಲಿ ಒಂದೊಂದನ್ನೇ ಮುಚ್ಚಿಸಿ ಆ ಆಳದ ನೀರನ್ನೇ ಮೇಲೆ ತರುತ್ತಾರೆ. ಸೆಕೆಂಡಿಗೆ ಒಂದು ಮೀಟರಿನಂತೆ ಇಳಿಸಿದರೆ ನಾಲ್ಕು ಸಾವಿರ ಮೀಟರಿನ ತಳಕ್ಕೆ ಹೋಗಲು ಅರವತ್ತೇಳು ನಿಮಿಷ, ಬರಲು ಅಷ್ಟೇ, ನಡುವೆ ನಿಲ್ಲುವುದು ಬೇರೆ. ಒಟ್ಟು ಮೂರು ತಾಸಿನ ವ್ಯವಹಾರ. ಆ ಹೊತ್ತಿನಲ್ಲಿ ಅಡಿಗೆಮನೆಯಿಂದ ಒಂದು ಹನಿ ಮುಸುರೆಯೂ ಕಡಲಿಗೆ ಬೀಳಕೂಡದು; ಬಿದ್ದರೆ ಪರೀಕ್ಷೆಯ ನೀರು ಕೆಟ್ಟಿತು. ಮೇಲೆ ಬಂದ ಪ್ರತಿ ಸೀಸೆಗೂ ಚೀಟಿ, ಪ್ರತಿ ಚೀಟಿಗೂ ಖಾತೆ: ಠಾಣ್ಯದ ಸಂಖ್ಯೆ, ಅಕ್ಷಾಂಶ, ರೇಖಾಂಶ, ವೇಳೆ, ಆಳ. ಒಂದು ಅಂಕಿ ತಪ್ಪಿದರೆ ಅಷ್ಟು ದಿನದ ಡೀಸೆಲ್ಲೂ ಬೆವರೂ ನೀರುಪಾಲು. ನಮ್ಮ ಫೋರ್ಟಿನ ಕಚೇರಿಗಳಲ್ಲಿ ಲೆಡ್ಜರು ತಿದ್ದಿದವರು ಅಲ್ಲಿ ಹೋದರೆ ಪರಕೀಯರಾಗಲಾರರು.

ಇಷ್ಟೆಲ್ಲ ಏತಕ್ಕೆಂದು ಕೇಳುವವರುಂಟು. ನೈಋತ್ಯ ಮಾರುತ ಬೀಸಿದಾಗ ನಮ್ಮ ಪಡುಗಡಲಿನಲ್ಲಿ ಆಳದ ತಣ್ಣೀರು ಮೇಲಕ್ಕೆ ಉಕ್ಕುತ್ತದೆ. ಅದರೊಡನೆ ಬರುವ ಸಾರದಿಂದಲೇ ಬೂತಾಯಿ, ಬಂಗುಡೆಗಳ ಆಹಾರ ಬೆಳೆಯುವುದು. ಆದರೆ ಆ ನೀರಿನಲ್ಲಿ ಪ್ರಾಣವಾಯು ಕಡಿಮೆ. ಅದು ತೀರ ಬತ್ತಿದ ವರ್ಷ ತಳದ ಮೀನುಗಳಿಗೆ ಕುತ್ತು. ಮಲ್ಪೆಯ ದೋಣಿಗೆ ಮೀನು ಸಿಕ್ಕೀತೇ ಎಂಬ ಪ್ರಶ್ನೆಗೂ ನಮ್ಮ ಹೋಟೆಲಿನ ಮೀನೂಟದ ದರಕ್ಕೂ ಈ ಸೀಸೆಯ ನೀರಿಗೂ ಸಂಬಂಧವಿದೆ. ಮಳೆಯ ಗುಟ್ಟೂ ಅಲ್ಲಿಯೇ. 1999ರಲ್ಲಿ ಬಂಗಾಳ ಕೊಲ್ಲಿಯಲ್ಲಿ, 2002ರಲ್ಲಿ ಅರಬೀ ಸಮುದ್ರದಲ್ಲಿ ಸಾಗರ ಕನ್ಯಾ ಮಳೆಗಾಲದ ನಡುವೆಯೇ ನಿಂತು ಗಾಳಿ ನೀರುಗಳನ್ನು ಅಳೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದವರು ಆ ಕಾರ್ಯದಲ್ಲಿ ಮುಂದಾಳುಗಳಾಗಿದ್ದರು. 2002ರ ಜುಲೈಯಲ್ಲಿ ದೇಶಕ್ಕೆ ವಾಡಿಕೆಯ ಅರ್ಧದಷ್ಟೇ ಮಳೆ ಬಿದ್ದುದನ್ನು ನಮ್ಮ ಊರಿನ ಗದ್ದೆಯವರು ಮರೆತಿರಲಾರರು.

ಇಂತಹ ಯಾತ್ರೆಗಳ ವರದಿಗಳಲ್ಲಿ ವಿಜ್ಞಾನಿಗಳ ಹೆಸರಿರುತ್ತದೆ, ಕಪ್ತಾನರ ಹೆಸರಿರುತ್ತದೆ. ಅನ್ನ ಬೇಯಿಸಿದವನ ಹೆಸರು ಅಪರೂಪ. ಒಂದು ಅಪವಾದವನ್ನು ಹೇಳಬೇಕು. 1872ರಿಂದ 1876ರ ವರೆಗೆ ಭೂಮಿಯನ್ನು ಸುತ್ತಿ ಬಂದ ಇಂಗ್ಲೆಂಡಿನ 'ಚಾಲೆಂಜರ್' ನೌಕೆಯೇ ಈ ವಿದ್ಯೆಯ ಮೂಲಪುರುಷ. ಅದರ ವರದಿ ಐವತ್ತು ಸಂಪುಟಗಳಾದವು. ಆ ಹಡಗಿನ ಉಗ್ರಾಣದಲ್ಲಿ ರೇಷನ್ ಅಳೆಯುತ್ತಿದ್ದ ಸಹಾಯಕ ಜೋಸೆಫ್ ಮಾಟ್ಕಿನ್ ಎಂಬ ತರುಣ ಮನೆಯವರಿಗೆ ಕಾಗದಗಳನ್ನು ಬರೆಯುತ್ತಿದ್ದ. ಅವು 1992ರಲ್ಲಿ ಪುಸ್ತಕವಾಗಿ ಅಚ್ಚಾದವು. ಮಹಾಪಂಡಿತರ ಯಾತ್ರೆಯನ್ನು ಕೆಳಗಿನ ಅಟ್ಟದಿಂದ ಕಂಡವನ ಮಾತು ಲೋಕಕ್ಕೆ ತಲುಪಲು ನೂರಕ್ಕೂ ಮಿಕ್ಕಿ ವರ್ಷ ಬೇಕಾಯಿತು.

ನಮ್ಮ ಅಡಿಗೆಯವರ ದನಿ ಒಂದೇ ಕಡೆ ತಗ್ಗಿತು. ಹಡಗು ಭೂಮಧ್ಯರೇಖೆಯ ಆಚೆ, ಗೋವೆಗೆ ಏಳು ದಿನದ ದಾರಿಯಲ್ಲಿದ್ದಾಗ ಊರಿನಲ್ಲಿ ಅವರ ತಾಯಿ ತೀರಿಕೊಂಡರಂತೆ. ಕಪ್ತಾನರು ಕರೆದು ಸುದ್ದಿ ಹೇಳಿ ಭುಜದ ಮೇಲೆ ಕೈ ಇಟ್ಟರು. ಹಡಗು ತಿರುಗುವಂತಿರಲಿಲ್ಲ. "ಆ ದಿನ ರಜೆ ತೆಗೆದುಕೋ ಎಂದರು. ರಜೆ ತೆಗೆದು ಎಲ್ಲಿಗೆ ಹೋಗಲಿ? ಅನ್ನಕ್ಕೆ ಇಟ್ಟೆ," ಎಂದರು. ಬೊಜ್ಜದ ದಿನ ಮೂರು ಮಂದಿ ವಿಜ್ಞಾನಿಗಳು ಅವರಿಗೆ ಅಡಿಗೆಮನೆಯ ಬಾಗಿಲು ಮುಚ್ಚಿ ತಾವೇ ಬೇಯಿಸಿದರಂತೆ. "ಪಾಯಸಕ್ಕೆ ಉಪ್ಪು ಹಾಕಿದ್ದರು," ಎಂದು ಕಣ್ಣೊರೆಸಿಕೊಂಡು ನಕ್ಕರು.

ನಾವು ಮಾತಾಡುತ್ತಿದ್ದಾಗ ಮೇಜು ಒರೆಸುವ ನೆಪದಲ್ಲಿ ಬೈಂದೂರಿನ ಕಡೆಯ ಹುಡುಗನೊಬ್ಬ ಅಲ್ಲಿಯೇ ಸುಳಿಯುತ್ತಿದ್ದ. ಎರಡು ವರ್ಷದ ಹಿಂದೆ ಅವನನ್ನು ಒಬ್ಬ ಏಜೆಂಟ "ಹಡಗಿನಲ್ಲಿ ಕೆಲಸ" ಎಂದು ನಂಬಿಸಿ, ಅಕ್ಕನ ಕರಿಮಣಿ ಅಡವಿಟ್ಟ ಹಣವನ್ನು ನುಂಗಿ ಮಾಯವಾಗಿದ್ದ. ಆ ಹಣಕ್ಕೆ ಜಾಮೀನು ಮಾತು ಹೇಳಿದವನು ನಾನೇ. ಆ ತಪ್ಪಿನ ಕಹಿ ಇನ್ನೂ ನನ್ನ ನಾಲಗೆಯ ಮೇಲಿದೆ. ಅವನು ಧೈರ್ಯ ಮಾಡಿ ಕೇಳಿಯೇ ಬಿಟ್ಟ: "ಅಣ್ಣಾ, ನನಗೆ ಇನ್ನೂ ಆಗುತ್ತದೆಯೇ?"

ಅಡಿಗೆಯವರು ಅವನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಇಂತಹ ಹುಡುಗರು ನಮ್ಮ ಪ್ರತಿ ಹೋಟೆಲಿನಲ್ಲಿಯೂ ಇದ್ದಾರೆ. ಹತ್ತನೆಯ ತರಗತಿ ಪಾಸಾದವರಿಗೆ ಹಡಗಿನ ಅಡಿಗೆ ಕೆಲಸದ ಆರು ತಿಂಗಳ ಶಿಕ್ಷಣವುಂಟು. ಅದು ನೌಕಾಯಾನ ಮಹಾ ನಿರ್ದೇಶನಾಲಯದ ಒಪ್ಪಿಗೆ ಪಡೆದ ಶಾಲೆಯದೇ ಆಗಿರಬೇಕು. ಬೆಂಕಿ ಆರಿಸುವುದು, ಕಡಲಿನಲ್ಲಿ ಜೀವ ಉಳಿಸಿಕೊಳ್ಳುವುದು, ಪ್ರಥಮ ಚಿಕಿತ್ಸೆ, ಇವುಗಳ ತರಬೇತಿ ಕಡ್ಡಾಯ. ಸಿ.ಡಿ.ಸಿ. ಎಂಬ ನಾವಿಕನ ಪುಸ್ತಕವಿಲ್ಲದೆ ಯಾವ ಹಡಗೂ ಏರುವಂತಿಲ್ಲ. ಕೆಲಸ ಕೊಡಿಸುವ ಕಂಪೆನಿಗೆ ಸರಕಾರದ ಪರವಾನಗಿ ಇರಬೇಕು. ಪರವಾನಗಿಯಿದ್ದವನು ಕೆಲಸ ಕೊಡಿಸಲು ನಾವಿಕನಿಂದ ಕಾಸು ಕೇಳಕೂಡದು. ಕೇಳಿದನೆಂದರೆ ಎದ್ದು ಬರತಕ್ಕದ್ದು. ಆ ನಿರ್ದೇಶನಾಲಯವಿರುವುದು ದೂರದ ದಿಲ್ಲಿಯಲ್ಲಲ್ಲ, ನಮ್ಮ ಖಾರಿಯ ಆಚೆ ದಡದ ಕಾಂಜೂರಮಾರ್ಗದಲ್ಲಿ. ಐರೋಲಿಯ ಸೇತುವೆ ದಾಟಿದರೆ ಆಯಿತು.

ಹೊರಡುವಾಗ ಅವರು ಚೀಲದಿಂದ ಒಂದು ವಸ್ತುವನ್ನು ತೆಗೆದು ಮೇಜಿನ ಮೇಲಿಟ್ಟರು. ಚಹಾ ಕುಡಿಯುವ ಥರ್ಮೊಕೋಲ್ ಲೋಟ. ಮಹಾರಾಷ್ಟ್ರ ಸರಕಾರ 2018ರಲ್ಲಿ ನಿಷೇಧಿಸುವ ಮೊದಲು ನಮ್ಮ ಪಾರ್ಸೆಲಿಗೂ ಬಳಸುತ್ತಿದ್ದೆವಲ್ಲ, ಅದೇ. ಆದರೆ ಹೆಬ್ಬೆರಳಿಗೆ ತೊಡಿಸಬಹುದಾದಷ್ಟೇ ಗಾತ್ರ! ಯಂತ್ರದೊಡನೆ ನಾಲ್ಕು ಸಾವಿರ ಮೀಟರ್ ಇಳಿಸಿದರೆ, ಹತ್ತು ಮೀಟರಿಗೆ ಒಂದು ವಾಯುಭಾರದಂತೆ ನಾನೂರು ಪಟ್ಟು ಒತ್ತಡ ಬಿದ್ದು ಒಳಗಿನ ಗಾಳಿ ಅಪ್ಪಚ್ಚಿಯಾಗುತ್ತದೆ. ಮೇಲೆ ಬಂದರೂ ಲೋಟ ಪುನಃ ಹಿಗ್ಗುವುದಿಲ್ಲ. ಹಡಗಿನವರು ಅದರ ಮೇಲೆ ಹೆಸರು ಬರೆದು ಇಳಿಸಿ ನೆನಪಿಗೆ ಇಟ್ಟುಕೊಳ್ಳುತ್ತಾರಂತೆ. ಇದರ ಮೇಲೆ ನೀಲಿ ಶಾಯಿಯಲ್ಲಿ ಅವರ ತಾಯಿಯ ಹೆಸರು, ಕನ್ನಡದಲ್ಲಿ, ಅಕ್ಷರಗಳೂ ಕುಗ್ಗಿ ಸಾಸಿವೆಯಂತಾಗಿದ್ದುವು.

ಹುಡುಗ ಅದನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿ ಹಿಂದಿರುಗಿಸಿದ. ಸಂಜೆ ಗಲ್ಲಾದ ಬಳಿ ಬಂದು ಸೋಮವಾರ ಅರ್ಧ ದಿನದ ರಜೆ ಕೇಳಿದ. ಪೂರ್ತಿ ದಿನ ಕೊಡುವಂತೆ ತಮ್ಮನಿಗೆ ಹೇಳಿದ್ದೇನೆ.